ವಯಸ್ಸಿಗೆ ಸಹಜ

ಆ ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗಕ್ಕೆ ಒಂದು ಮುದ್ದಿನ ವಾಕ್ಯವಿತ್ತು: "ವಯಸ್ಸಿಗೆ ಸಹಜವಾದ ಸವೆತ." ಟೈಪಿಸ್ಟಮ್ಮ ಅದಕ್ಕೆಂದೇ ಕಂಪ್ಯೂಟರಿನಲ್ಲಿ ಒಂದು ಕೀಲಿ ಮೀಸಲಿಟ್ಟಿದ್ದಳು. ಕೀಲು ನೋಡುವ ಬದಲು ಕೀಲಿ ಒತ್ತಿದರೆ ಮುಗಿಯಿತು, ವರದಿ ಸಿದ್ಧ.

ಅದೇ ವಿಭಾಗದ ಡಾಕ್ಟರಮ್ಮನ ತಮ್ಮನಿಗೂ ಸಿಕ್ಕಿದ್ದು ಅದೇ ವಾಕ್ಯ, ಅದೂ ಇಪ್ಪತ್ನಾಲ್ಕನೇ ವಯಸ್ಸಿಗೆ! ಬೆಳಿಗ್ಗೆ ಎದ್ದರೆ ಮರದ ಕೊರಡು, ನಾಲ್ಕು ಹೆಜ್ಜೆ ಓಡಾಡಿದರೆ ಸಡಿಲ. ಮನೆಯವರು ಸೋಮಾರಿ ಎಂದರು. ನೋವಿನ ಮಾತ್ರೆ ನುಂಗುತ್ತ ಆರು ವರ್ಷ ಕಳೆದ. ಬೆನ್ನುಮೂಳೆಯ ವಾತ ಎಂದು ಗೊತ್ತಾಗುವಷ್ಟರಲ್ಲಿ ಮೂಳೆಗಳು ಒಂದಕ್ಕೊಂದು ಬೆಸೆದು ಕೂತಿದ್ದವು. ಇಪ್ಪತ್ನಾಲ್ಕಕ್ಕೆ ಯಾವ ಸೀಮೆ ಸವೆತ? ಹೋದ ತಿಂಗಳು ಆ ಹಳೇ ವರದಿ ಕೈಗೆ ಸಿಕ್ಕಂದಿನಿಂದ ಅವಳಿಗೆ ಮೈಯೆಲ್ಲ ಉರಿ.

ಆ ಉರಿಯಲ್ಲೇ ಕೂತು ಒಂದು ನಮೂನೆ ಬರೆದಳು. ಬೆನ್ನುಮೂಳೆ ಸೊಂಟಕ್ಕೆ ಕೂಡುವ ಕೀಲು, ಎಡ, ಬಲ. ಬಾವು ಇದೆಯೇ? ಮೂಳೆ ಕೊರೆದಿದೆಯೇ? ಬೆಸೆದಿದೆಯೇ? ಒಂದು ಚೌಕ ಖಾಲಿ ಬಿಟ್ಟರೂ ವರದಿ ಹೊರಗೆ ಹೋಗದು.

ಇಂದಿನ ಸಭೆಯಲ್ಲಿ ಮುಖ್ಯಸ್ಥರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಏನಮ್ಮಾ, ಮೂವತ್ತು ವರ್ಷ ಮಣ್ಣು ಹೊತ್ತಿದ್ದೀನಾ? ಗೀಟು ಹಾಕೋಕೆ ಡಾಕ್ಟರ್ ಯಾಕೆ ಬೇಕು?"

ಅವಳ ಹಲ್ಲು ಕಟಕಟ ಎಂದಿತು. ಹೆಸರು ಮುಚ್ಚಿದ ಒಂದು ಸ್ಕ್ಯಾನ್ ಚಿತ್ರವನ್ನು ಪರದೆಗೆ ಹಾಕಿದಳು. "ಒಂದೇ ಒಂದು ಸಲ ತುಂಬಿ, ಸರ್."

ಅವರು ಗೊಣಗುತ್ತಲೇ ಶುರುಮಾಡಿದರು. ಬಲಗೀಲು ಎಂಬ ಚೌಕಕ್ಕೆ ಬಂದಾಗ ಕನ್ನಡಕ ಏರಿಸಿ ಚಿತ್ರದ ಕೆಳ ಅಂಚಿಗೆ ಬಗ್ಗಿದರು. ಯಾರೂ ಕೇಳದ ಕಾರಣ ಯಾರೂ ನೋಡದಿದ್ದ ಅಂಚು ಅದು. ಬಾವು, ಇದೆ. ಕೊರೆತ, ಇದೆ. ಎಡಕ್ಕೂ ಅದೇ. ಪೆನ್ನು ನಿಂತಿತು.

ಅವಳು ಅದೇ ಚಿತ್ರದ ಹಳೇ ವರದಿಯನ್ನು ಮುಂದೆ ತಳ್ಳಿದಳು. ಒಂದೇ ಸಾಲು ಓದಿ ಅವರು ಕೆಂಡವಾದರು. "ಇಷ್ಟು ಕಣ್ಣಿಗೆ ಹೊಡೀತಿದೆ! ಯಾವ ಕತ್ತೆ ಬರೆದಿದ್ದು ಇದು?"

"ಈ ಕತ್ತೆನೇ ಸರ್," ಎಂದಳು. "ಆಗ ನಿಮ್ಮ ಕೈಕೆಳಗೆ ಕಲೀತಿದ್ದೆ. ನಮ್ಮ ಹುಡುಗ ತಾನೇ, ಏನಿರುತ್ತೆ ಅಂತ ಕೀಲಿ ಒತ್ತಿಸಿ ರುಜು ಹಾಕಿದೆ. ವಾಕ್ಯ ನೀವು ಕಲಿಸಿದ್ದು. ತಮ್ಮ ನನ್ನವನು."

ಮುಖ್ಯಸ್ಥರು ನಮೂನೆಗೆ ಸಹಿ ಹಾಕಿದರು.

ಸಂಜೆ ಆಸ್ಪತ್ರೆಯ ಗೇಟಿನ ಬಳಿ ತಮ್ಮ ಕಾಯುತ್ತಿದ್ದ. ಅಕ್ಕನ ಹೆಜ್ಜೆ ಕೇಳಿ ಇಡೀ ಮೈಯನ್ನೇ ತಿರುಗಿಸಿದ, ಅವನ ಕತ್ತು ತಿರುಗುತ್ತಿರಲಿಲ್ಲ. "ಏನಕ್ಕಾ, ಗೆದ್ದ್ಯಾ?"

ಗೆದ್ದಿದ್ದಳು. ಆದರೂ ಒಳಗಿನ ಉರಿ ಒಂದಿಷ್ಟೂ ಆರಿರಲಿಲ್ಲ. ಹಳೇ ವರದಿಯನ್ನು ಅವನ ಕೈಗಿಟ್ಟು, "ಕೆಳಗಡೆ ಯಾರ ರುಜು ಇದೆ ನೋಡೋ," ಎಂದಳು.

ಬಗ್ಗಿ ನೋಡಲಾರದೆ ಅವನು ಹಾಳೆಯನ್ನೇ ಕಣ್ಣಿನ ಮಟ್ಟಕ್ಕೆ ಎತ್ತಿದ.