ಪೈಲಟ್ ಸೀಟಿನ ಬೆನ್ನು

ಭಾವನ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಒಣಗಿ ಕೂತಿದ್ದ ರೆಸಿನ್ ಚೂರನ್ನು ಕಡ್ಡಿಯಿಂದ ಕೀಳುತ್ತಿದ್ದ ತಮ್ಮನ ಕೈಗೆ ಅಕ್ಕ ಪಟ್ಟನೆ ಹೊಡೆದಳು.

"ಬಿಡೋ. ಬದುಕಿದ್ದಾಗ ನಾನು ಕಿತ್ತೂ ಕಿತ್ತೂ ಸೋತಿದೀನಿ. ಹಾಗೇ ಹೋಗ್ಲಿ."

"ಜನ ನೋಡ್ತಾರಲ್ಲೇ ಅಕ್ಕ."

"ಜನ ಅವರ ಕೈ ಎಲ್ಲಿ ನೋಡ್ತಿದಾರೆ? ನಿನ್ನನ್ನ ನೋಡ್ತಿದಾರೆ."

ನೋಡುತ್ತಿದ್ದರು, ಸುಳ್ಳಲ್ಲ. ಬಾಗಿಲ ಬಳಿ ಮೂವರು ಅಪರಿಚಿತರು. ಶವಪೆಟ್ಟಿಗೆಯಲ್ಲಿ ಮಲಗಿದ್ದ ಭಾವನಿಗೆ ಒಂದು ಗಳಿಗೆ ತಲೆ ಬಾಗಿಸಿ, ಆಮೇಲೆ ತಮ್ಮನ ಮುಖಕ್ಕೇ ಕಣ್ಣು ನೆಟ್ಟಿದ್ದರು.

"ಅವನೇ ಅಲ್ವಾ?"

"ಅವನೇ ಇರ್ಬೇಕು. ಸ್ವಲ್ಪ ತಡಿ, ಇನ್ನೊಂದು ಸಲ ನೋಡೋಣ."

ಪಿಸುಮಾತು ಆಡುವವರಿಗೆ ಪಿಸುಗುಟ್ಟಲು ಬಾರದಿದ್ದರೆ ಹೀಗೇ. ತಮ್ಮನಿಗೆ ಎಲ್ಲ ಕೇಳಿಸಿತು. ಕಳ್ಳನನ್ನು ಗುರುತು ಹಚ್ಚಲು ಬಂದಿದ್ದಾರೆ. ಹಾಗಾದರೆ ಭಾವ ತನ್ನನ್ನು ಒಳಗೊಳಗೇ ಅನುಮಾನಿಸಿ ಸುಮ್ಮನಿರಲಿಲ್ಲ, ಊರಿಗೆಲ್ಲ ಹೇಳಿಯೇ ಹೋಗಿದ್ದಾನೆ.

*

ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ವಿಮಾನದ ಕಿಟ್‌ನಲ್ಲಿ ರೆಕ್ಕೆ, ಬಾಲ, ಚಕ್ರ ಎಲ್ಲ ಲಕ್ಷಣವಾಗಿರುತ್ತವೆ. ಪೈಲಟ್ ಕೂರುವ ಜಾಗ ಮಾತ್ರ ಬೋಳು ತಲೆ. ವಿಮಾನ ಜೋಡಿಸುವ ಹುಚ್ಚಿನವರಿಗೆ ಆ ಬೋಳು ಸಹಿಸದು. ಅವರಿಗಾಗಿ ಭಾವ ರೆಸಿನ್ನಿನ ಕಾಕ್‌ಪಿಟ್ ಮಾಡುತ್ತಿದ್ದ: ಸಾಸಿವೆಯಷ್ಟು ಮೀಟರುಗಳು, ಸೂಜಿಮೊನೆಯ ಸ್ವಿಚ್ಚುಗಳು, ಬೆಲ್ಟಿನ ಮಡಿಕೆ ಸಮೇತ ಸೀಟು. ಮೂಲ ಕೆತ್ತಿ ರಬ್ಬರಿನ ಅಚ್ಚು ತೆಗೆಯುವುದು ಭಾವನ ಕೆಲಸ. ಅಚ್ಚಿಗೆ ರೆಸಿನ್ ಸುರಿದು, ಗಟ್ಟಿಯಾದ ಮೇಲೆ ಬಿಡಿಸುವುದು ತಮ್ಮನದು. ಕೊಂಡವರು ವಿಮಾನದ ಎರಡು ಹೋಳು ಸೇರಿಸಿ ಅಂಟು ಹಾಕಿದರೋ, ಮುಕ್ಕಾಲು ಕೆಲಸ ಒಳಗೇ ಕತ್ತಲಲ್ಲಿ.

"ಕಾಣದೇ ಇರೋದಕ್ಕೆ ಇಷ್ಟು ಯಾಕೆ ಒದ್ದಾಡ್ತೀರಿ ಭಾವ?"

"ನಿನ್ನ ಬುದ್ಧೀನೂ ಕಾಣಲ್ಲ. ಹಾಗಂತ ಇಲ್ಲ ಅಂತೀನೇನೋ?"

ಭಾವನಿಗೆ ಬಾಯಿ ಹಾಗೆ. ಅಣಕಿಸುವುದರಲ್ಲಂತೂ ಎತ್ತಿದ ಕೈ. ಕೊರಿಯರ್‌ನವನ ಕೆಮ್ಮು, ಮನೆ ಮಾಲೀಕನ ನಡಿಗೆ, ಅಕ್ಕನ ನಿಟ್ಟುಸಿರು, ಒಂದನ್ನೂ ಬಿಟ್ಟವನಲ್ಲ. ತಮ್ಮನ ಸೀನೊಂದೇ ಅವನ ಅಣಕಕ್ಕೆ ಸಿಗದೇ ಉಳಿದದ್ದು. ತಮ್ಮ ರೆಸಿನ್ ವಾಸನೆಗೆ ಮೂಗು ಅರಳಿಸಿ, ಒಂದು ಕಣ್ಣು ಮುಚ್ಚಿ, ಬಾಯಿ ತೆರೆದು ಮುಗಿಲು ನೋಡುತ್ತಿದ್ದ. ಸೀನು ಮಾತ್ರ ನೆಂಟರ ಹಾಗೆ, ಬರುತ್ತೇನೆ ಬರುತ್ತೇನೆ ಎಂದು ಆಟವಾಡಿಸುತ್ತಿತ್ತು.

ಒಂದು ದಿನ ಅವರದೇ ಕಾಕ್‌ಪಿಟ್ ಬೇರೆ ಹೆಸರಿನ ಡಬ್ಬಿಯಲ್ಲಿ ಅಂಗಡಿಗೆ ಬಂತು. ಭಾವನ ಚಾಕು ಜಾರಿದ ಗೀರು ಕೂಡ ಅದರಲ್ಲಿತ್ತು. ಯಾರೋ ಒಂದು ಸೆಟ್ ಕೊಂಡು ಅದರ ಮೇಲೆಯೇ ಅಚ್ಚು ತೆಗೆದಿರಬೇಕು. ಇಲ್ಲವೇ, ಮನೆಯವರೇ ಅಚ್ಚು ದಾಟಿಸಿರಬೇಕು. ಮನೆಯಲ್ಲಿ ಇದ್ದವರೇ ಮೂವರು.

ಅದಾದ ಮೇಲೆ ಭಾವ ಹಿಂದಿನ ಕೋಣೆಗೆ ಬೀಗ ಹಾಕಿದ.

"ಸೀಟು ಇನ್ಮೇಲೆ ನಾನೇ ಎರಕ ಹೊಯ್ಕೋತೀನಿ. ಪ್ಯಾಕಿಂಗೂ ನಂದೇ. ನೀನು ಉಳಿದಿದ್ದು ನೋಡ್ಕೋ."

"ಯಾಕೆ ಭಾವ?"

"ಸುಮ್ನೆ." ಭಾವ ಮುಖ ಆ ಕಡೆ ತಿರುಗಿಸಿಕೊಂಡ.

ಅಂದಿನಿಂದ ತಮ್ಮನಿಗೂ ಅನುಮಾನದ ಅಂಟುರೋಗ ಹತ್ತಿತು. ಕೊರಿಯರ್‌ನವನ ಚೀಲ ಇಷ್ಟು ದಪ್ಪ ಯಾಕೆ? ಅಂಗಡಿಯವನು ಇಷ್ಟು ನಯವಾಗಿ ಯಾಕೆ ಮಾತಾಡುತ್ತಾನೆ? ಒಂದೆರಡು ದಿನ ಅಕ್ಕನನ್ನೂ ಬಿಡಲಿಲ್ಲ. 'ನನ್ನ ಮೇಲೆ ಅನುಮಾನವಾ?' ಎಂದು ಭಾವನನ್ನು ನೇರ ಕೇಳಲು ಮಾತ್ರ ಬಾಯಿ ಬರಲಿಲ್ಲ. ಈಗ ಉತ್ತರ ಹೇಳುವ ಬಾಯಿಯೇ ಮುಚ್ಚಿತ್ತು.

*

ಯಾರೋ ಒಂದು ರಾಶಿ ಬಿಳಿ ಹೂ ತಂದು ತಮ್ಮನ ಪಕ್ಕದಲ್ಲೇ ಇಟ್ಟರು. ಮೂಗಿಗೆ ಕಚಗುಳಿಯಾಯಿತು. ತಡೆದ. ಆಗಲಿಲ್ಲ. ಮೂಗು ಅರಳಿತು, ಒಂದು ಕಣ್ಣು ಮುಚ್ಚಿತು, ಬಾಯಿ ತೆರೆಯಿತು.

ಬಾಗಿಲ ಬಳಿ ಒಬ್ಬ ಇನ್ನೊಬ್ಬನನ್ನು ಮೊಣಕೈಯಿಂದ ತಿವಿದ. ಮೂರನೆಯವನು ಕರವಸ್ತ್ರ ಬಾಯಿಗೆ ತುರುಕಿಕೊಂಡ, ಭುಜ ಕುಣಿಯುತ್ತಿತ್ತು. ಅಳುವವರ ಭುಜ ಹಾಗೆ ಕುಣಿಯುವುದಿಲ್ಲ.

ತಮ್ಮ ಎದ್ದು ಹೋಗಿ ಮೂವರನ್ನೂ ಹೊರಗೆ ತಳ್ಳಿಕೊಂಡು ನಡೆದ.

"ಏನ್ರೀ? ಸಾವಿನ ಮನೆ ಇದು, ಸರ್ಕಸ್ಸಾ?"

"ತಪ್ಪಾಯ್ತು," ಎಂದರು ಮೂವರಲ್ಲಿ ಕನ್ನಡಕ ಹಾಕಿದ್ದವರು. "ನಾನು ಹಲ್ಲಿನ ಡಾಕ್ಟರು. ಈ ಇಬ್ಬರೂ ಬಸ್ ಓಡಿಸ್ತಾರೆ. ನಿಮ್ಮ ಭಾವನ ಹಳೇ ಗಿರಾಕಿಗಳು."

"ನಕಲಿ ಸೆಟ್ಟಿನ ವಿಷಯ ತಾನೆ? ಕೇಳಿಸ್ಕೊಳ್ಳಿ, ನಾನು ಕದ್ದಿಲ್ಲ. ಅವರು ಏನೇ ಹೇಳಿರಲಿ, ನಾನು ಕದ್ದಿಲ್ಲ!"

"ನೀವಾ?" ಕರವಸ್ತ್ರದ ಡ್ರೈವರ್ ಪುಸಕ್ಕನೆ ನಕ್ಕುಬಿಟ್ಟ. "ಅಯ್ಯೋ, ನಿಮ್ಮ ಮೂಗು ನೋಡ್ಕೊಂಡೇ ನಾವು ಅಸಲಿ ಯಾವ್ದು ಅಂತ ಹೇಳೋದು!"

ಡಾಕ್ಟರು ಜೇಬಿನಿಂದ ಹತ್ತಿಯಲ್ಲಿ ಸುತ್ತಿದ್ದ ಸೀಟೊಂದನ್ನು ತೆಗೆದರು, ಜೊತೆಗೊಂದು ಭೂತಗನ್ನಡಿ. "ಪೆಟ್ಟಿಗೇಲಿ ಅವರ ಜೊತೆ ಇಡೋಣ ಅಂತ ತಂದೆ. ಬೆನ್ನು ತಿರುಗಿಸಿ ನೋಡಿ."

ಸೀಟಿನ ಬೆನ್ನಿನಲ್ಲಿ, ವಿಮಾನ ಮುಚ್ಚಿದ ಮೇಲೆ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಅಕ್ಕಿಕಾಳಿಗಿಂತ ಚಿಕ್ಕದೊಂದು ಮುಖ. ಅರಳಿದ ಮೂಗು. ಮುಚ್ಚಿದ ಒಂದು ಕಣ್ಣು. ಇನ್ನೂ ಬಾರದ ಸೀನಿಗೆ ತೆರೆದ ಬಾಯಿ.

"ನಕಲಿ ಸೀಟಲ್ಲಿ ಮೂಗು ಅಳಿಸಿ ಬರೀ ಉಂಡೆಯಾಗಿರುತ್ತೆ. ಅಸಲಿದರಲ್ಲಿ ಹೊಳ್ಳೇನೂ ಕಾಣುತ್ತೆ. ನಕಲಿ ಬಂದ್ಮೇಲೆ ಈ ಗುರುತು ಹಾಕಿ, ಅವರೇ ಹೇಳ್ಕೊಟ್ಟಿದ್ದು."

"ನನ್ನ ಮುಖಾನೇ ಯಾಕಂತೆ?"

"ಕೇಳಿದ್ದೆ. 'ಮುದ್ರೆಗೆ ಸಿಂಹ, ಹದ್ದು ಎಲ್ಲ ಯಾಕೆ ಡಾಕ್ಟ್ರೇ? ನಂಬಿಕಸ್ಥ ಪ್ರಾಣಿ ಮನೇಲೇ ಇದೆ' ಅಂದ್ರು. ನಿಮಗೆ ಹೇಳಿದ್ರೆ ಮುಂದಿನ ಸೆಟ್ ಕೊಡಲ್ಲ ಅಂತ ಆಣೆ ಬೇರೆ."

ಡಾಕ್ಟರಿಗೆ ಅಣಕ ಬರುತ್ತಿರಲಿಲ್ಲ. ಆದರೂ ತಮ್ಮನಿಗೆ ಕೇಳಿಸಿದ್ದು ಭಾವನ ಗಂಟಲೇ.

"ಎತ್ತೋಣ ಬನ್ರಪ್ಪಾ," ಒಳಗಿಂದ ಯಾರೋ ಕೂಗಿದರು.

ಸೀಟು ಭಾವನ ಅಂಗಿಜೇಬಿಗೆ ಹೋಯಿತು. ಪೆಟ್ಟಿಗೆಯ ಮುಂದಿನ ಒಂದು ಮೂಲೆಗೆ ತಮ್ಮ ಹೆಗಲು ಕೊಟ್ಟ, ಇನ್ನೊಂದಕ್ಕೆ ಕರವಸ್ತ್ರದ ಡ್ರೈವರ್. ತಮ್ಮ ಮೆಟ್ಟಿಲ ತಿರುವಿನವರೆಗೆ ಹಲ್ಲು ಕಚ್ಚಿಕೊಂಡೇ ಇಳಿದ. ತಿರುವಿನಲ್ಲಿ ಡ್ರೈವರ್ ಕಣ್ಣಿಗೆ ಕಣ್ಣು ಸಿಕ್ಕಿತು.

ಮೊದಲು ಡ್ರೈವರ್ ಕಿಸಕ್ಕೆಂದ. ಹಿಂದೆ ಡಾಕ್ಟರು. ಆಮೇಲೆ ಹೊಟ್ಟೆಯ ತಳದಿಂದ ತಮ್ಮ ನಕ್ಕ. ಅವರಿಬ್ಬರ ನಗು ಅದರಲ್ಲಿ ಎಲ್ಲಿ ಹೋಯಿತೋ. ಮಹಡಿ ಮಹಡಿಯ ಬಾಗಿಲುಗಳು ತೆರೆದವು.

"ಥೂ ಕತ್ತೆ! ಇವತ್ತಾದ್ರೂ ಸುಮ್ನಿರೋ!" ಅಕ್ಕ ಹಿಂದಿನಿಂದ ಅವನ ಬೆನ್ನಿಗೆ ಗುದ್ದಿದಳು. "ಏನೋ ಆಯ್ತು ನಿಂಗೆ?"

ಅವನಿಗೆ ನಗು ನಿಲ್ಲಲೇ ಇಲ್ಲ. ಕಣ್ಣೀರು ಗಲ್ಲದವರೆಗೆ ಇಳಿದಿತ್ತು, ಒರೆಸಲು ಕೈ ಖಾಲಿ ಇರಲಿಲ್ಲ. ಅವನ ಹೆಗಲ ಮೇಲೆ ಪೆಟ್ಟಿಗೆ ಗಡಗಡ ಕುಲುಕುತ್ತಿತ್ತು. ಮುಚ್ಚಳದ ಮೇಲಿನ ಬಿಳಿ ಹೂಗಳು ಒಂದೊಂದಾಗಿ ಜಾರಿ, ಅವರೆಲ್ಲರಿಗಿಂತ ಮುಂಚೆ ಮೆಟ್ಟಿಲು ಇಳಿಯುತ್ತಿದ್ದವು.