ಚಂದ್ರನಿಗಿಂತ ಮುಂದೆ

ಆಜ್ಞೆ ಹೊರಟುಹೋಗಿತ್ತು. ಬಿಲ್ಲು ಬಿಟ್ಟ ಬಾಣ, ಕರೆದರೆ ಬರುವುದಿಲ್ಲ. ದೂರದ ಗ್ರಹದ ಬಳಿ ತೇಲುತ್ತಿರುವ ನೌಕೆಯನ್ನು ಅದು ಮುಟ್ಟಲು ಇಡೀ ಮಧ್ಯಾಹ್ನ ಬೇಕು. ಮುಟ್ಟಿದ ಮೇಲೆ ನೌಕೆ ಕ್ಯಾಮೆರಾ ತಿರುಗಿಸಿ, ಆ ಗ್ರಹದ ಅತಿ ಪುಟ್ಟ ಚಂದ್ರನನ್ನು ಒಮ್ಮೆ ನೋಡಬೇಕು. ಮತ್ತೆಂದೂ ಅದು ಆ ದಾರಿಯಲ್ಲಿ ಹಾಯುವುದಿಲ್ಲ.

ಕ್ಯಾಮೆರಾಗೆ ದಿಕ್ಕು ಹೇಳುವವಳು ಕ್ಯಾಂಟೀನಿನ ಕಿಟಕಿಯ ಬಳಿ ಕಾಫಿ ಆರಿಸುತ್ತ ಕೂತಿದ್ದಳು. ಕಣ್ಣು ಮುಚ್ಚಿದರೆ ಕುರ್ಚಿ ನೆಲ ಬಿಟ್ಟಂತಾಗುತ್ತಿತ್ತು. ಕೆನೆಬಣ್ಣದ ದೊಡ್ಡ ಗ್ರಹ ನಿದ್ದೆಯಲ್ಲಿ ಮಗ್ಗುಲಾಗುತ್ತಿತ್ತು. ಚಂದ್ರ, ಮನೆಗೆ ಹೋಗಲು ಮನಸ್ಸಿಲ್ಲದ ಕೂಸಿನಂತೆ, ಅದನ್ನು ಸುತ್ತುತ್ತಲೇ ಇದ್ದ.

ತಟ್ಟನೆ ಕಾಫಿ ಕೆಳಗಿಟ್ಟಳು. ಆಜ್ಞೆ ತಲುಪುವಷ್ಟರಲ್ಲಿ ಚಂದ್ರ ಎಷ್ಟು ಮುಂದೆ ಸರಿದಿರುತ್ತಾನೆ ಎಂಬುದನ್ನು ಅವಳೇ ಲೆಕ್ಕಕ್ಕೆ ಸೇರಿಸಿ, ತಿದ್ದಲು ಹಿರಿಯರಿಗೆ ಕೊಟ್ಟಿದ್ದಳು. ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವರೂ ಸೇರಿಸಿಬಿಟ್ಟಿದ್ದರೆ?

ಓಡಿದಳು.

"ಮೇಷ್ಟ್ರೇ, ದಾರಿಯ ಹೊತ್ತು ಸೇರಿಸಿದ್ರಾ?"

"ಸೇರಿಸದೆ? ನೀನು ಮರೆತಿರ್ತೀಯ ಅಂತ..."

"ನಾನು ಮರೆತಿರ್ಲಿಲ್ಲ."

ಮೇಷ್ಟ್ರು ಕನ್ನಡಕ ತೆಗೆದರು. "ಅಯ್ಯೋ ಅನುಮಾನಮ್ಮ! ಮರೆತಿದ್ರೆ ಬದುಕ್ತಿದ್ವಲ್ಲೇ!"

ಒಂದೇ ಹೊತ್ತು ಎರಡು ಸಲ ಸೇರಿ, ಕ್ಯಾಮೆರಾ ಈಗ ಚಂದ್ರನಿಗಿಂತ ಮುಂದಿನ ಬರಿಗತ್ತಲನ್ನು ನೋಡಲಿತ್ತು. ಹಿಂದೆ ತಿರುಗಿಸಿ ನಿಲ್ಲಿಸುವಷ್ಟರಲ್ಲಿ ಅವನು ದಾಟಿಹೋಗುತ್ತಾನೆ.

"ತಿರುಗಿಸೋದು ಬೇಡ," ಎಂದಳು. "ಅಲ್ಲೇ ನೋಡ್ತಾ ಇರು ಅಂತ ಬೆನ್ನಿಗೇ ಇನ್ನೊಂದು ಆಜ್ಞೆ ಕಳಿಸೋಣ. ಅವನೇ ಬರ್ತಾನೆ."

ಪಕ್ಕದ ಮೇಜಿನ ಗೆಳತಿ ಎದ್ದು ನಿಂತಳು. ಚಂದ್ರನ ಸರದಿ ಮುಗಿದ ಮೇಲೆ ಅದೇ ಕ್ಯಾಮೆರಾ ಗ್ರಹದ ಉಂಗುರಗಳತ್ತ ತಿರುಗಬೇಕಿತ್ತು. ಆ ಸರದಿ ಅವಳದು. "ಹಾಗಾದ್ರೆ ನನ್ನ ಉಂಗುರ? ಅವನು ಬರ್ದೇ ಹೋದ್ರೆ ಎರಡೂ ಹೋಯ್ತಲ್ಲೇ!"

ಅತ್ತ ದರಿ, ಇತ್ತ ಪುಲಿ. ಮನೆಯ ಬೀಗವನ್ನೂ ಮೂರು ಸಲ ಜಗ್ಗಿ ನೋಡುವವಳು ಈ ಅನುಮಾನಮ್ಮ. ಮೇಷ್ಟ್ರು ಅವಳ ಮುಖವನ್ನೇ ನೋಡುತ್ತಿದ್ದರು.

"ಕಳಿಸಿ," ಎಂದಳು. ದನಿ ತನ್ನದೆನಿಸಲಿಲ್ಲ.

ಮರುದಿನ ಬೆಳಿಗ್ಗೆ ಚಿತ್ರಗಳು ಬಂದವು. ಕತ್ತಲು. ಇನ್ನೊಂದು, ಕತ್ತಲು.

"ಅಮಾವಾಸ್ಯೆ ಚೆನ್ನಾಗಿ ಬಂದಿದೆ," ಎಂದು ಗೆಳತಿ ಚುಚ್ಚಿದಳು.

ಮತ್ತೊಂದರ ಅಂಚಿನಲ್ಲಿ ಉಗುರಿನಷ್ಟು ಬೆಳಕು. ಮುಂದಿನದರಲ್ಲಿ ಅದು ಉಬ್ಬಿತು. ಕುಳಿಬಿದ್ದ ಕೆನ್ನೆ, ಉದ್ದನೆಯ ನೆರಳು. ಯಾರ ಗೊಡವೆಯೂ ಇಲ್ಲದೆ ಚಂದ್ರ ಮೆಲ್ಲಗೆ ಒಳಗೆ ತೇಲಿಬಂದ. ಅರ್ಧ ಬಂದಿದ್ದ, ಅಷ್ಟರಲ್ಲಿ ಚಿತ್ರಗಳು ಮುಗಿದವು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವಳಿಗೆ ಗೆಳತಿಯತ್ತ ತಿರುಗುವ ಧೈರ್ಯವಾಗಲಿಲ್ಲ.

ಹಿಂದಿನಿಂದ ಕುರ್ಚಿ ಎಳೆದ ಸದ್ದಾಯಿತು.

"ಸ್ವಲ್ಪ ಜರುಗೇ," ಎಂದಳು ಗೆಳತಿ. "ನನ್ನ ಉಂಗುರ ನುಂಗಿದವನ ಮುಖ ನಾನೂ ನೋಡ್ತೀನಿ."