ಮೂರನೇ ಸಾಲಿನ ಅಂಚಿನ ಕುರ್ಚಿ

ಮೂರನೇ ಸಾಲಿನ ಎಡ ಅಂಚಿನ ಕುರ್ಚಿಯಲ್ಲಿ ಇನ್ನು ಮುಂದೆ ಯಾರು ಕೂರಬೇಕು ಎಂಬುದು ಪೈಸಂದು ಪಟ್ಟಣದ ಸಾಂಸ್ಕೃತಿಕ ಬದುಕಿನ ಅಳಿವು ಉಳಿವಿನ ಪ್ರಶ್ನೆಯಾಗಿದ್ದುದರಿಂದ ಎವರಿಸ್ತೊನನ್ನು ಹೂಳುವ ಶಾಸ್ತ್ರ ಮುಗಿಯುವವರೆಗೆ ಅದನ್ನು ಮುಂದೂಡುವುದು ಯಾರಿಗೂ ಸಾಧ್ಯವಾಗಲಿಲ್ಲ. ಔಷಧಂಗಡಿಯ ಬರೇಯ್ರೊ ಶವಪೆಟ್ಟಿಗೆಯ ತಲೆಯ ಕಡೆ ನಿಂತು, ಹೂಚಕ್ರದ ನೇರಳೆ ಪಟ್ಟಿಯ ಸುಕ್ಕು ಬಿಡಿಸುತ್ತಲೇ ವಾದ ಶುರುಮಾಡಿದ್ದ.

"ಸಿನಿಮಾ ಕ್ಲಬ್ಬಿನ ಅಧ್ಯಕ್ಷ ನಾನು. ಎವರಿಸ್ತೊ ಆದ್ಮೇಲೆ ಆ ಕುರ್ಚಿ ನ್ಯಾಯವಾಗಿ ನಂದು."

"ನೀನು ಎರಡನೇ ರೀಲಿಗೇ ಗೊರಕೆ ಹೊಡೀತೀಯ," ಎಂದಳು ಜುಲ್ಮಾ. ಮೂವತ್ತು ವರ್ಷ ಭೂಗೋಳ ಪಾಠ ಮಾಡಿ ನಿವೃತ್ತಳಾದವಳು. ಊರಿನ ಅರ್ಧ ಜನ ಇವತ್ತಿಗೂ ಅವಳ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಾರೆ. "ಗೊರಕೆಗೆ ಅಂಚಿನ ಕುರ್ಚಿ ಯಾಕೆ ಬೇಕು? ಗೋಡೆ ಪಕ್ಕ ಒರಗಿಕೋ, ತಲೆಗೂ ಆಸರೆ."

"ನಿದ್ದೆ ಬಂದ್ರೆ ಅದು ಸಿನಿಮಾದ ತಪ್ಪು. ಅದೂ ಒಂದು ವಿಮರ್ಶೇನೇ."

ಇಬ್ಬರ ನಡುವೆ ಎವರಿಸ್ತೊ ಲಾರೊಸ ಮಲಗಿದ್ದ. ಪಿಂಚಣಿ ಕಚೇರಿಯ ಮಾಜಿ ನೌಕರ, ವಾರಪತ್ರಿಕೆಯ ಸಿನಿಮಾ ಪುಟದ ಏಕಮಾತ್ರ ಬರಹಗಾರ, ಕ್ಲಬ್ಬಿನ ಫಿಲ್ಮ್ ಪ್ರತಿಗಳ ಪಾಲಕ. ಯಾರೂ ಕೇಳಿರದ ಚಿತ್ರಗಳನ್ನು ಎಲ್ಲಿಂದಲೋ ಹುಡುಕಿ ತಂದು, ಗೋಡೆಗೆ ಸುಣ್ಣವಿಲ್ಲದ ಕ್ಲಬ್ಬಿನ ಹಾಲ್‌ನಲ್ಲಿ ತೋರಿಸಿ, ಅವುಗಳ ಬೆಲೆ ಕಟ್ಟಿದವನು. ಮುಖವಾಡದ ಕುಸ್ತಿಪಟುಗಳು, ಹಾಡುವ ದನಗಾಹಿಗಳು, ಕೊನೆಯ ರೀಲು ಕಳೆದುಹೋದ ಮೂಕಿಚಿತ್ರಗಳು: ಎಲ್ಲದರಲ್ಲೂ ಅವನಿಗೆ ಏನೋ ಒಂದು ಕಾಣುತ್ತಿತ್ತು. ರಟ್ಟಿನ ಮೊಸಳೆಯೊಂದು ಗವರ್ನರನನ್ನು ನುಂಗುವ 'ಮೊಸಳೆಯ ಮಧ್ಯಾಹ್ನ' ಎಂಬ ಚಿತ್ರದ ಬಗ್ಗೆ ಒಂದಿಡೀ ಪುಟ ಬರೆದಿದ್ದ. ತನಗೇನು ಬೇಕು ಎಂದು ಗೊತ್ತಿರುವ ಪಾತ್ರ ನಮ್ಮ ಸಿನಿಮಾದಲ್ಲಿ ಈ ಮೊಸಳೆ ಒಂದೇ, ಎಂದು.

"ಬೆಳಕು ಸರಿಯಿಲ್ಲ," ಬರೇಯ್ರೊ ಹೆಣದ ಮುಖ ನೋಡಿ ಹೇಳಿದ. "ನೆತ್ತಿ ಮೇಲಿಂದ ಬಿಟ್ಟಿದ್ದಾರೆ. ಮೂಗಿನ ನೆರಳು ಬಾಯಿ ಮೇಲೆ ಬಿದ್ದಿದೆ. ಅವನು ನೋಡಿದ್ರೆ ಸುಮ್ನಿರ್ತಿರಲಿಲ್ಲ."

"ಅವನು ಈಗ ಸುಮ್ನೇ ಇದ್ದಾನೆ," ಎಂದಳು ಜುಲ್ಮಾ. "ಸಂಜೆ ಅವನ ನೆನಪಿಗೆ ಏನು ಹಾಕೋಣ, ಅದು ಹೇಳು."

"ಮೊಸಳೆ. ಮತ್ತೇನು?"

"'ಉಪ್ಪಿನ ಬೇಸಿಗೆ' ಹಾಕಿ," ಎಂದಿತು ಒಂದು ದನಿ.

ಹೀಟರಿನ ಪಕ್ಕ ಕೂತಿದ್ದ ನೆಲಿದಾ. ಸತ್ತವನ ಹೆಂಡತಿ. ಬೆಳಗಿನಿಂದ ಅವಳು ಆಡಿದ ಮೊದಲ ಮಾತು ಅದು. ಮಾಟೆ ಎಲೆಯ ಕಷಾಯ ಕುಡಿಯುವ ಸೋರೆಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅದು ಆರಿ ಎಷ್ಟು ಹೊತ್ತಾಗಿತ್ತೋ.

"ದೋನ್ಯ ನೆಲಿದಾ," ಬರೇಯ್ರೊ ಗೌರವದಿಂದ ತಲೆ ಬಾಗಿಸಿದ, "ಪಾಲಕರ ಮನೆಯವರು ಸಿನಿಮಾ ಸೂಚಿಸೋ ಹಾಗಿಲ್ಲ. ನಿಯಮ."

"ನಿಯಮ ಮಾಡಿದವನು ಯಾರು?"

"ಎವರಿಸ್ತೊ."

"ಅವನೀಗ ಪಾಲಕ ಅಲ್ಲ. ನಾನು ಯಾವ ಪಾಲಕನ ಮನೆಯವಳೂ ಅಲ್ಲ. ಹಾಕಿ. ಆಮೇಲೆ ಚೀಟಿ ಹರಿದು ವೋಟು ಮಾಡಿ, ಸರಿಯಾಗಿ. ಅವನ ಒಂದು ವೋಟು ಬಿಟ್ಟು."

ಬಾಗಿಲ ಹತ್ತಿರ ನಿಂತಿದ್ದ ಮಿಲ್ಟನ್, ಕ್ಲಬ್ಬಿನಲ್ಲಿ ಯಂತ್ರ ಓಡಿಸುವವನು, ಸಿಗರೇಟು ಸೇದುವ ನೆಪದಲ್ಲಿ ಹೊರಗೆ ಹೋದ. ಅವನು ಸಿಗರೇಟು ಬಿಟ್ಟು ಹತ್ತು ವರ್ಷವಾಗಿತ್ತು.

*

'ಉಪ್ಪಿನ ಬೇಸಿಗೆ' ತೆಗೆದಾಗ ನೆಲಿದಾಳಿಗೆ ಇಪ್ಪತ್ತೆರಡು. ಗೆಳೆಯ ಅನಿಬಾಲ್ ಎಲ್ಲಿಂದಲೋ ಒಂದು ಕ್ಯಾಮರಾ ಎರವಲು ತಂದಿದ್ದ. ನದಿಯ ಬಳಿ, ಮಾಂಸಕ್ಕೆ ಉಪ್ಪು ಹಾಕುತ್ತಿದ್ದ ಹಳೆಯ ಕಾರ್ಖಾನೆ ಬಾಗಿಲು ಮುಚ್ಚಿ ನಿಂತಿತ್ತು. ಅದರ ಎದುರಿನ ನಿಲ್ದಾಣದಲ್ಲಿ ಬಿಳಿ ಫ್ರಾಕಿನ ಹುಡುಗಿಯೊಬ್ಬಳು ಬಸ್ಸಿಗೆ ಕಾಯುತ್ತಾಳೆ. ಅರ್ಧ ಗಂಟೆಯ ಚಿತ್ರ; ಹುಡುಗಿ ನೆಲಿದಾಳೇ. ಕೊನೆಗೆ ಬಸ್ಸು ಬರುತ್ತದೆ, ಅವಳು ಹತ್ತುವುದಿಲ್ಲ. ಯಾಕೆ ಹತ್ತುವುದಿಲ್ಲ ಎಂದು ಅನಿಬಾಲ್ ಹೇಳಿರಲಿಲ್ಲ. "ನಿಂಗೆ ಗೊತ್ತಾದಾಗ ಹತ್ತಬೇಡ," ಎಂದಿದ್ದ. ಹನ್ನೊಂದು ಬಾರಿ ಬಸ್ಸನ್ನು ಹಿಂದೆ ಕಳಿಸಿ ಕರೆಸಿದರು. ಹನ್ನೊಂದನೆಯ ಬಾರಿಗೆ ಅವಳಿಗೆ ಗೊತ್ತಾಯಿತು. ಏನು ಗೊತ್ತಾಯಿತು ಎಂದು ಆಮೇಲೆ ಯಾರಿಗೂ ಹೇಳಲಾಗಲಿಲ್ಲ; ಪರದೆಯ ಮೇಲಿತ್ತು, ಅಷ್ಟೆ.

ಕ್ಲಬ್ಬಿನ ಟಿಕೆಟಿನ ಅಂಚಿನಲ್ಲಿ ಒಂದರಿಂದ ಐದರವರೆಗೆ ಅಂಕಿಗಳಿರುತ್ತವೆ. ಚಿತ್ರ ಮುಗಿದಮೇಲೆ ನಿಮ್ಮ ಅಂಕಿಯ ಬಳಿ ಚೀಟಿ ಹರಿದು ಬಾಗಿಲಲ್ಲಿರುವ ಪೆಟ್ಟಿಗೆಗೆ ಹಾಕಬೇಕು. ಆ ದಿನ 'ಉಪ್ಪಿನ ಬೇಸಿಗೆ'ಗೆ ಸರಾಸರಿ ಎರಡಕ್ಕೆ ಕೂದಲೆಳೆಯಷ್ಟು ಕಡಿಮೆ ಬಂತು. ಮದುವೆ ಗೊತ್ತಾಗಿದ್ದ ಎವರಿಸ್ತೊ ಅವಳನ್ನು ಮನೆಗೆ ಬಿಡಲು ನಡೆದು ಬರುತ್ತಾ, ಕೇಳದೆಯೇ ಹೇಳಿದ:

"ನಾನು ಒಂದು ಹರಿದೆ. ನಿನ್ನ ಹತ್ರ ಸುಳ್ಳು ಹೇಳಕ್ಕಾಗಲ್ಲ."

ಆ ಶನಿವಾರದ ಪತ್ರಿಕೆಯಲ್ಲಿ ಬರೆದ: 'ಹುಡುಗಿ ಬಸ್ಸಿಗೆ ಕಾಯುತ್ತಾಳೆ, ಕ್ಯಾಮರಾ ಹುಡುಗಿಗೆ ಕಾಯುತ್ತದೆ, ನಾವು ಮುಗಿಯುವುದಕ್ಕೆ ಕಾಯುತ್ತೇವೆ. ಬರುವುದು ಬಸ್ಸೊಂದೇ.' ಊರೆಲ್ಲ ನಕ್ಕಿತು. ವಾಕ್ಯ ಚೆನ್ನಾಗಿತ್ತು ಎಂದು ನೆಲಿದಾಳಿಗೂ ಅನ್ನಿಸಿತು.

"ಎಂಥ ಗಂಡಸು ಅವನು?" ಎಂದು ಅವಳ ತಾಯಿ ಕೇಳಿದ್ದಳು.

"ಸುಳ್ಳು ಹೇಳದವನು," ಎಂದಳು ನೆಲಿದಾ. ಏಪ್ರಿಲ್‌ನಲ್ಲಿ ಮದುವೆಯಾಯಿತು. ಅನಿಬಾಲ್ ನದಿ ದಾಟಿ ಬ್ವೆನೊಸ್ ಐರಿಸ್‌ಗೆ ಹೋದ. ಫ್ರಿಜ್ ಮಾರುತ್ತಿದ್ದ ಎಂದು ಯಾರೋ ಹೇಳಿದರು, ಸತ್ತ ಎಂದು ಮತ್ಯಾರೋ. ಚಿತ್ರಕ್ಕೆ ಇದ್ದ ಒಂದೇ ಪ್ರತಿ ಕ್ಲಬ್ಬಿನ ಕಪಾಟು ಸೇರಿತು.

ಪ್ರತಿ ಚಳಿಗಾಲ ಕ್ಲಬ್ಬು ಮರೆತ ಚಿತ್ರಗಳ ವಾರ ನಡೆಸುತ್ತದೆ. ಪ್ರತಿ ಚಳಿಗಾಲ ನೆಲಿದಾ ಏನೂ ಕೇಳದೆ ಕಾಯುತ್ತಿದ್ದಳು. ಒಂದೆರಡು ಸಲ ಬಾಯಿಬಿಟ್ಟು ಕೇಳಿದ್ದಳು ಕೂಡ.

"ಅಲ್ಲೇ ಇದೆಯಲ್ಲ, ಕಪಾಟಿನಲ್ಲಿ," ಎನ್ನುತ್ತಿದ್ದ ಎವರಿಸ್ತೊ. "ಎಲ್ಲಾ ಸಿನಿಮಾಕ್ಕೂ ಒಂದು ಕಾಲ ಬರುತ್ತೆ."

*

ಸ್ಮಶಾನದಲ್ಲಿ ಗಾಳಿ ನದಿಯ ಕಡೆಯಿಂದ ಬೀಸುತ್ತಿತ್ತು. ಎವರಿಸ್ತೊನ ಪೆಟ್ಟಿಗೆಯನ್ನು ಅಲ್ಲಿನ ರೂಢಿಯಂತೆ ಗೋಡೆಯ ಗೂಡಿನೊಳಗೆ ತಳ್ಳಿ, ಗಾರೆಯವನು ಇಟ್ಟಿಗೆ ಇಡತೊಡಗಿದಾಗ ಬರೇಯ್ರೊ ಭಾಷಣ ಮಾಡಿದ. ಎವರಿಸ್ತೊ ಯಾವ ಚಿತ್ರವನ್ನೂ ಸಾಯಲು ಬಿಡಲಿಲ್ಲ ಎಂದ. ಹಿಂದೆ ನಿಂತಿದ್ದ ಮಿಲ್ಟನ್ ಕೆಮ್ಮಿದ.

"ಉದ್ದ ಆಯ್ತು," ಜುಲ್ಮಾ ಪಕ್ಕದವರಿಗೆ ಪಿಸುಗುಟ್ಟಿದಳು. "ಮಧ್ಯದಲ್ಲಿ ಕತ್ತರಿ ಹಾಕ್ಬೇಕಿತ್ತು."

ಗೇಟಿನ ಬಳಿ ನೆಲಿದಾ ಮಿಲ್ಟನ್‌ನನ್ನು ಹಿಡಿದಳು.

"ಆರಕ್ಕೆ ಮುಂಚೆ ಬರ್ತೀನಿ. ಯಂತ್ರಕ್ಕೆ ಹಾಕಿ ಇಟ್ಟಿರು."

"ದೋನ್ಯ, ಆ ಪ್ರತಿ... ಹುಳಿ ಹಿಡಿದಿದೆ. ಹಳೇ ಫಿಲ್ಮು ವಿನಿಗರ್ ಥರ ಕೊಳೆಯುತ್ತೆ, ನಿಮಗೆ ಗೊತ್ತಲ್ಲ. ಯಂತ್ರಕ್ಕೆ ಹಾಕಿದ್ರೆ ಪುಡಿ ಪುಡಿ."

"ಪುಡಿ ಆಗ್ಲಿ. ಪುಡಿ ಆಗೋವಾಗ ಒಂದು ಸಲ ನೋಡ್ತೀನಿ."

"ವಾಸನೆ ತಡ್ಕೊಳಕ್ಕಾಗಲ್ಲ."

"ನಲವತ್ತೊಂಬತ್ತು ವರ್ಷ ಅವನ ಕಾಲುಚೀಲ ಒಗೆದಿದ್ದೀನಿ ಮಿಲ್ಟನ್. ಡಬ್ಬಿ ತೆಗಿ."

*

ಒಂದು ಕೆಲಸವನ್ನು ಮಾತ್ರ ಗಂಡ ಹೆಂಡತಿ ಒಟ್ಟಿಗೆ ಮಾಡುತ್ತಿದ್ದರು. ಭಾನುವಾರ ಮಧ್ಯಾಹ್ನ, ಊಟದ ಮೇಜು ಒರೆಸಿದ ಮೇಲೆ, ಎವರಿಸ್ತೊ ರೀಲುಗಳನ್ನು ಮನೆಗೆ ತಂದು ರಿಪೇರಿ ಮಾಡುತ್ತಿದ್ದ. ಯಂತ್ರದ ಹಲ್ಲಿಗೆ ಸಿಕ್ಕಿಸಲು ಪ್ರತಿ ರೀಲಿನ ಮೊದಲಿಗೂ ಕೊನೆಗೂ ಒಂದೆರಡು ಮಾರು ಬೇಡದ ಫಿಲ್ಮು ಅಂಟಿಸಿರಬೇಕು. ತಲೆ ಮತ್ತು ಬಾಲ ಎನ್ನುತ್ತಾರೆ. ಸಿಪಾಯಿಗಳ ಸರ್ಕಾರವಿದ್ದ ವರ್ಷಗಳಲ್ಲಿ ಖಾಲಿ ಫಿಲ್ಮು ಹೊರಗಿನಿಂದ ಬರುವುದು ನಿಂತುಹೋಗಿತ್ತು. ಒಳ್ಳೆಯ ಚಿತ್ರಗಳ ಅಂಚು ಹರಿಯತೊಡಗಿತು. ಕ್ಲಬ್ಬಿನ ಸಭೆಯಲ್ಲಿ ಎವರಿಸ್ತೊ ಏನೋ ಒಂದು ದಾರಿ ಸೂಚಿಸಿದ, ಎಲ್ಲರೂ ಕೈ ಎತ್ತಿದರು. ನೆಲಿದಾ ಆ ಹೊತ್ತಿನಲ್ಲಿ ಹಿಂದಿನ ಕೋಣೆಯಲ್ಲಿ ಸಭೆಗೆಂದು ಹಿಟ್ಟಿನ ರೊಟ್ಟಿ ಕರಿಯುತ್ತಿದ್ದಳು.

ಭಾನುವಾರ ಅವಳ ಕೆಲಸ, ಪಟ್ಟಿಯ ಒಂದು ತುದಿ ನೆಲಕ್ಕೆ ತಾಗದಂತೆ ಹಿಡಿದುಕೊಳ್ಳುವುದು. ಅವನು ಇನ್ನೊಂದು ತುದಿ ಕೆರೆದು, ಗೋಂದು ಹಚ್ಚಿ, ಒತ್ತಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸುತ್ತಿದ್ದ.

"ಬೆಳಕಿಗೆ ಹಿಡಿದು ನೋಡ್ಬೇಡ," ಎನ್ನುತ್ತಿದ್ದ. "ಬೆರಳಿನ ಗುರುತು ಬೀಳುತ್ತೆ."

ಅವಳು ನೋಡುತ್ತಿರಲಿಲ್ಲ. ಅವಳ ಗಮನ ಗಂಡನ ಮುಖದ ಮೇಲಿರುತ್ತಿತ್ತು. ಆ ಹೊತ್ತಿನಲ್ಲಿ ಅವನ ಮುಖ ಮೃದುವಾಗುತ್ತಿತ್ತು. ಅದಕ್ಕೇ ಅವಳು ಭಾನುವಾರಕ್ಕೆ ಕಾಯುತ್ತಿದ್ದಳು. ಒಗೆದ ಬಟ್ಟೆಯ ತಂತಿಯಿಂದ ಕ್ಲಿಪ್ಪುಗಳು ಕಡಿಮೆಯಾಗುತ್ತಲೇ ಹೋದವು. ಪಕ್ಕದ ಮನೆಯವಳು ಕದಿಯುತ್ತಾಳೆಂದು ತಿಳಿದು ನೆಲಿದಾ ಅವಳ ಹತ್ತಿರ ವರ್ಷಗಟ್ಟಲೆ ಮಾತು ಬಿಟ್ಟಿದ್ದಳು.

*

ಕ್ಲಬ್ಬಿನ ಕಪಾಟಿನ ಕೆಳಗಿನ ಅರೆಯಲ್ಲಿ ಡಬ್ಬಿ ಇತ್ತು. ಮುಚ್ಚಳದ ಮೇಲೆ ಎವರಿಸ್ತೊನ ದುಂಡನೆಯ ಅಕ್ಷರದಲ್ಲಿ 'ಉಪ್ಪಿನ ಬೇಸಿಗೆ' ಎಂದಿತ್ತು. ಮಿಲ್ಟನ್ ಅದನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದು ನಿಂತ. ನೆಲಿದಾ ಬಗ್ಗಿ ಮೂಸಿದಳು.

"ಹುಳಿ ವಾಸನೆ ಇಲ್ಲವಲ್ಲ."

ಮುಚ್ಚಳ ಸುಲಭವಾಗಿ ಬಂತು. ಒಳಗೆ ಒಣಗಿದ ಗೋಂದಿನ ಬಾಟಲಿ, ಒಂದು ಕತ್ತರಿ, ಮತ್ತು ತುಂಬಾ ಮರದ ಕ್ಲಿಪ್ಪುಗಳಿದ್ದವು.

ಜುಲ್ಮಾಳೊಂದಿಗೆ ಹಿಂದೆಯೇ ಬಂದಿದ್ದ ಬರೇಯ್ರೊ ತನ್ನ ಟೋಪಿಯ ಅಂಚನ್ನು ಪರೀಕ್ಷಿಸಿದ. ಜುಲ್ಮಾ ಕುರ್ಚಿ ಎಳೆದುಕೊಟ್ಟಳು, ನೆಲಿದಾ ಕೂರಲಿಲ್ಲ.

"ಎಲ್ಲಿ?"

"ಎರಡಕ್ಕಿಂತ ಕಡಿಮೆ ಬಂದ ಚಿತ್ರಗಳನ್ನ ತಲೆ ಬಾಲಕ್ಕೆ ಬಳಸಬಹುದು ಅಂತ ಸಭೆ ತೀರ್ಮಾನ ಆಗಿತ್ತು," ಎಂದ ಮಿಲ್ಟನ್. "ಆ ಸಾಲಿನಲ್ಲಿ ಹತ್ತಾರು ಇದ್ದವು. ಇದೊಂದೇ ಅಲ್ಲ."

"ಎಲ್ಲಿ ಅಂತ ಕೇಳಿದೆ."

ಮಿಲ್ಟನ್ ಕಪಾಟಿನ ಕಡೆ ಕೈ ಬೀಸಿದ. ನೆಲದಿಂದ ಸೂರಿನವರೆಗೆ ಡಬ್ಬಿಗಳು. "ಎಲ್ಲದರಲ್ಲೂ. ಒಂದೊಂದರಲ್ಲಿ ಎರಡು ಮಾರು."

"ಯಾವತ್ತೂ ಕಾಣಲೇ ಇಲ್ಲ ನಂಗೆ."

"ತಲೆ ಓಡುವಾಗ ನಾನು ಕಿಂಡಿಗೆ ಕೈ ಅಡ್ಡ ಹಿಡಿತೀನಿ. ಬಾಲ ಬರೋಷ್ಟರಲ್ಲಿ ದೀಪ ಹಾಕಿರ್ತೀವಿ, ನೀವೆಲ್ಲ ಕೋಟು ಹಾಕ್ಕೊಳ್ತಿರ್ತೀರಿ. ಇಲ್ಲಿ ಯಾರು ಬಾಲ ನೋಡ್ತಾರೆ?"

"ಒಂದು ರೀತೀಲಿ ನೋಡಿದ್ರೆ," ಬರೇಯ್ರೊ ಗಂಟಲು ಸರಿಮಾಡಿಕೊಂಡ, "ನಮ್ಮ ಸಂಗ್ರಹದ ಪ್ರತಿಯೊಂದು ಚಿತ್ರದಲ್ಲೂ ನೀವಿದ್ದೀರಿ, ದೋನ್ಯ. ಈ ದೇಶದಲ್ಲಿ ಯಾವ ನಟಿಗೂ..."

"ಬಾಯಿ ಮುಚ್ಚು ಬರೇಯ್ರೊ," ಎಂದಳು ಜುಲ್ಮಾ.

ನೆಲಿದಾ ಒಂದು ಕ್ಲಿಪ್ಪು ಎತ್ತಿಕೊಂಡು ಅದರ ಬಾಯಿ ತೆರೆದು ಮುಚ್ಚಿ ಮಾಡಿದಳು. ಭಾನುವಾರಗಳಲ್ಲಿ ತಾನು ಯಾವ ತುದಿ ಹಿಡಿದಿರುತ್ತಿದ್ದೆ ಎಂದು ಅವಳು ಯೋಚಿಸುತ್ತಿದ್ದಳೋ ಏನೋ. ಕೊನೆಗೆ ಮಿಲ್ಟನ್ ಕಡೆ ತಿರುಗಿದಳು.

"ನೀನು ಮೇಲಿಂದ ನೋಡ್ತಿದ್ದೆಯಲ್ಲ. ಇಷ್ಟು ವರ್ಷ. ಹೇಗಿತ್ತು?"

ಮಿಲ್ಟನ್ ಪ್ರಾಮಾಣಿಕವಾಗಿ ಯೋಚಿಸಿದ. ಆ ಕ್ಲಬ್ಬಿನಲ್ಲಿ ಎಲ್ಲರೂ ಪ್ರಾಮಾಣಿಕರೇ.

"ಎರಡೆರಡು ಮಾರು ನೋಡಿ ಏನಂತ ಹೇಳೋದು, ದೋನ್ಯ. ಪೂರ್ತಿ ನೋಡಿದ್ರೆ ಹೇಳಬಹುದಿತ್ತು."

*

ಆರು ಗಂಟೆಗೆ 'ಮೊಸಳೆಯ ಮಧ್ಯಾಹ್ನ' ಹಾಕಿದರು. ಹಾಲ್ ತುಂಬಿತ್ತು. ಕುರ್ಚಿಯ ವಿಷಯ ಇತ್ಯರ್ಥವಾಗದೆ ಇದ್ದುದರಿಂದ ನೆಲಿದಾ ಹೋಗಿ ಅದರಲ್ಲಿ ಕೂತಾಗ ಯಾರೂ ತಡೆಯಲಿಲ್ಲ. ಗವರ್ನರ್ ನದಿಗೆ ಇಳಿದ, ರಟ್ಟಿನ ಬಾಯಿ ತೆರೆಯಿತು, ಜನ ನಕ್ಕರು, ಕೆಲವರು ಕಣ್ಣೊರೆಸಿಕೊಂಡರು. ಎರಡನೇ ರೀಲಿಗೆ ಬರೇಯ್ರೊ ಗೊರಕೆ ಹೊಡೆದ.

'ಮುಗಿಯಿತು' ಎಂದು ಬಂದ ಕೂಡಲೇ ಎಂದಿನಂತೆ ದೀಪ ಹೊತ್ತಿತು. ಎಂದಿನಂತೆ ಎಲ್ಲರೂ ಎದ್ದರು. ಯಂತ್ರ ಇನ್ನೂ ಓಡುತ್ತಿತ್ತು. ಪರದೆಯ ಮೇಲೆ, ಟ್ಯೂಬ್‌ಲೈಟಿನ ಬೆಳಕಿಗೆ ಸುಣ್ಣದಂತೆ ಬಿಳಿಚಿಕೊಂಡು, ತಲೆಕೆಳಗಾಗಿ, ಬಿಳಿ ಫ್ರಾಕಿನ ಹುಡುಗಿಯೊಬ್ಬಳು ರಸ್ತೆಯ ಕಡೆ ನೋಡುತ್ತಿದ್ದಳು. ಹಣೆಗೆ ಕೈ ಅಡ್ಡ ಹಿಡಿದಳು. ಏನನ್ನೋ ನೋಡಿದವಳಂತೆ ಕೈ ಇಳಿಸತೊಡಗಿದಳು. ಮುಂದಿನ ಸಾಲಿನಲ್ಲಿ ಬರೇಯ್ರೊ ಕೋಟಿನ ತೋಳು ಹುಡುಕುತ್ತಾ ಎದ್ದು ನಿಂತ. ನೆಲಿದಾ ಪಕ್ಕಕ್ಕೆ ಬಾಗಿದಳು. ಅಷ್ಟರಲ್ಲಿ ಪರದೆ ಖಾಲಿಯಾಗಿತ್ತು. ಫಿಲ್ಮಿನ ತುದಿ ಚಕ್ರಕ್ಕೆ ಪಟಪಟ ಬಡಿಯುತ್ತಿತ್ತು.

ಜುಲ್ಮಾ ಮತ್ತು ಬರೇಯ್ರೊ ಪೆಟ್ಟಿಗೆ ಸುರಿದು ಎಣಿಸಿದರು. ಎಲ್ಲರೂ ಐದು ಹರಿದಿದ್ದರು. ಒಂದು ಚೀಟಿ ಮಾತ್ರ ಒಂದರ ಬಳಿ ಹರಿದಿತ್ತು. ದುಃಖದಲ್ಲಿ ಯಾರಿಗೋ ಕೈ ತಪ್ಪಿದೆ ಎಂದು ಬರೇಯ್ರೊ ಅದನ್ನು ಎಣಿಕೆಯಿಂದ ತೆಗೆದ. ಮೊಸಳೆಗೆ ಪೂರ್ತಿ ಐದು ಬಂತು. ಕುರ್ಚಿ ಜುಲ್ಮಾಳಿಗೆ ಹೋಯಿತು.